ಎಂಜಿನ್ ಹಳೆಯದಾಯಿತು ಎನ್ನುವ ಮೊದಲು

ದೋಣಿಯ ಎಂಜಿನ್ ಸ್ಟಾರ್ಟ್ ಆಗದಿದ್ದರೆ ನಮ್ಮ ಕರಾವಳಿಯಲ್ಲಿ ಎರಡೇ ಮಾತು. ಒಂದು, "ಹಳೇ ಎಂಜಿನ್, ಮತ್ತೇನಾಗುತ್ತದೆ?" ಇನ್ನೊಂದು, "ಮೆಕ್ಯಾನಿಕ್‌ಗೆ ಫೋನ್ ಮಾಡು." ಇವೆರಡರ ನಡುವೆ ಹತ್ತು ನಿಮಿಷದ ಕೆಲಸವೊಂದಿದೆ. ಅದನ್ನು ನಾಡದೋಣಿಯ ಪ್ರತಿಯೊಬ್ಬರೂ ಕಲಿತಿರಬೇಕು, ಕಲಿಸುವ ಹೊಣೆಯನ್ನು ಸರ್ಕಾರ ಹೊರಬೇಕು. ಇದು ನಮ್ಮ ವಾದ.

ಇದು ಬರೀ ರಿಪೇರಿ ಖರ್ಚಿನ ಮಾತಲ್ಲ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಅಂದರೆ ನಾಡದೋಣಿಯವರು ದುಡಿಯುವ ಕಾಲ ಮತ್ತು ಕಡಲು ಕೆರಳುವ ಕಾಲ ಎರಡೂ ಒಂದೇ. ಅಳಿವೆ ಬಾಯಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಅಲ್ಲಿಗೆ ಯಾವ ಮೆಕ್ಯಾನಿಕ್ಕೂ ಬರುವುದಿಲ್ಲ.

ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಮೂರು: ಇಂಧನ, ಕಿಡಿ, ಒತ್ತಡ. ಈ ಕ್ರಮದಲ್ಲೇ ನೋಡಿ.

ಮೊದಲು ಕಣ್ಣಿಗೆ ಕಾಣುವುದು. ಗೇರ್ ನ್ಯೂಟ್ರಲ್‌ನಲ್ಲಿದೆಯೇ? ತುರ್ತಾಗಿ ನಿಲ್ಲಿಸುವ ಸ್ವಿಚ್‌ಗೆ ಬಳ್ಳಿ ಇರುವ ಎಂಜಿನ್ ಆದರೆ, ಅದರ ಕ್ಲಿಪ್ ಜಾಗದಲ್ಲಿದೆಯೇ? ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ? ಗಾಳಿ ಒಳಹೋಗದಿದ್ದರೆ ಇಂಧನ ಹೊರಬರುವುದಿಲ್ಲ. ಪೈಪಿನ ನಡುವಿನ ರಬ್ಬರ್ ಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಪೈಪ್ ಎಲ್ಲೋ ಸೀಳಿದೆ ಅಥವಾ ಜೋಡಣೆ ಸಡಿಲವಾಗಿದೆ.

ಸೀಮೆಎಣ್ಣೆ ಎಂಜಿನ್ ತಣ್ಣಗಿರುವಾಗ ಸೀಮೆಎಣ್ಣೆಯಲ್ಲಿ ಹೊತ್ತುವುದು ಕಷ್ಟ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತೇವೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಸ್ವಲ್ಪ ಹೊತ್ತು ಓಡಿಸಬೇಕು. ಹಾಗೆ ಮಾಡದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿಯುತ್ತದೆ. ಇವತ್ತು ಸ್ಟಾರ್ಟ್ ಆಗದಿರಲು ನಿನ್ನೆ ನಿಲ್ಲಿಸಿದ ರೀತಿಯೇ ಕಾರಣವಿರಬಹುದು.

ಇಂಧನದಲ್ಲಿ ನೀರು ಸೇರಿದೆಯೇ ನೋಡಲು ಟ್ಯಾಂಕಿನ ತಳದಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ತೆಗೆದು ಇಡಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಇದನ್ನು ಮರೆಯಬೇಡಿ.

ಆಮೇಲೆ ಪ್ಲಗ್ ಬಿಚ್ಚಿ. ಎಷ್ಟೋ ಸಲ ಹಗ್ಗ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಇಂಧನ ಮೇಲೆ ಬರುತ್ತಿಲ್ಲ: ಫಿಲ್ಟರ್, ಪೈಪ್, ಕಾರ್ಬ್ಯುರೇಟರ್ ನೋಡಿ. ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಹೊತ್ತುತ್ತಿಲ್ಲ: ಚೋಕ್ ಹೆಚ್ಚಾಗಿರಬಹುದು ಅಥವಾ ಕಿಡಿ ಇಲ್ಲದಿರಬಹುದು. ಆಗ ಸ್ವಿಚ್ ಆಫ್ ಮಾಡಿ, ಪ್ಲಗ್ ಹೊರಗಿಟ್ಟು ನಾಲ್ಕಾರು ಸಲ ಹಗ್ಗ ಎಳೆದರೆ ಒಳಗೆ ತುಂಬಿದ್ದು ಹೊರಬರುತ್ತದೆ. ಪ್ಲಗ್ ಒರೆಸಿ, ಮಸಿ ತೆಗೆದು, ಅಥವಾ ಹೊಸದು ಹಾಕಿ ನೋಡಿ. ಪೆಟ್ರೋಲಿನ ಆವಿ ಇರುವಲ್ಲಿ ಕಿಡಿ ಪರೀಕ್ಷೆ ಬೇಡವೇ ಬೇಡ.

ಹಗ್ಗ ಎಳೆಯುವಾಗ ಕೈಗೆ ತಡೆಯೇ ಸಿಗದಿದ್ದರೆ, ಅಥವಾ ಹಗ್ಗ ಅಲುಗಾಡದಿದ್ದರೆ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿ.

"ಗೊತ್ತಿಲ್ಲದವರು ಕೈ ಹಾಕಿದರೆ ಇದ್ದದ್ದೂ ಕೆಡುತ್ತದೆ" ಎನ್ನುವವರಿದ್ದಾರೆ. ಸರಿಯೇ. ಅದಕ್ಕೇ ಎಲ್ಲಿಯವರೆಗೆ ಕೈ ಹಾಕಬೇಕು, ಎಲ್ಲಿ ನಿಲ್ಲಬೇಕು ಎನ್ನುವುದನ್ನೂ ಕಲಿಸಬೇಕು ಎನ್ನುತ್ತಿದ್ದೇವೆ. ಇದು ಮೆಕ್ಯಾನಿಕ್‌ಗಳ ಹೊಟ್ಟೆಗೆ ಹೊಡೆಯುವ ಮಾತೂ ಅಲ್ಲ. ಕಲಿಸಬೇಕಾದವರು ಅವರೇ, ಅದಕ್ಕೆ ಅವರಿಗೆ ಸಂಭಾವನೆ ಸಿಗಬೇಕು.

ಸೀಮೆಎಣ್ಣೆ ಸಬ್ಸಿಡಿಗಾಗಿ ನಾವೆಲ್ಲ ಕೂಗುತ್ತೇವೆ, ಕೂಗಲೇಬೇಕು. ಆದರೆ ಆ ಸೀಮೆಎಣ್ಣೆ ಕುಡಿಯುವ ಎಂಜಿನ್ ಬಗ್ಗೆ ತರಬೇತಿ ಕೊಡಿ ಎಂದು ಕೇಳುವುದೇ ಇಲ್ಲ. ಮೇ ತಿಂಗಳಲ್ಲಿ, ದೋಣಿ ಇಳಿಸುವ ಮೊದಲು, ಪ್ರತಿ ಮೀನುಗಾರಿಕಾ ಊರಲ್ಲೂ ಒಂದು ದಿನದ ತರಬೇತಿ ನಡೆಯಲಿ. ಊರಿನ ಎಂಜಿನ್ನನ್ನೇ ಮುಂದಿಟ್ಟು, ಊರಿನ ಮಾತಲ್ಲೇ ಹೇಳಿಕೊಡಲಿ. ಮೇಲೆ ಬರೆದ ಕ್ರಮವನ್ನು ದಕ್ಕೆಯಲ್ಲಿ ದೊಡ್ಡ ಅಕ್ಷರದ ಬೋರ್ಡಿನಲ್ಲಿ ಹಾಕಲಿ. ಖರ್ಚು ಹೆಚ್ಚಿಲ್ಲ. ಮನಸ್ಸು ಬೇಕು, ಅಷ್ಟೇ.

ಅಲ್ಲಿಯವರೆಗೆ ಕಾಯಬೇಡಿ. ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್, ಒಣ ಬಟ್ಟೆ, ಒಂದು ತುಂಡು ಪೈಪ್, ಎರಡು ಕ್ಲಿಪ್: ಇಷ್ಟನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ದೋಣಿಯಲ್ಲಿಡಿ. ಲೈಫ್ ಜಾಕೆಟ್ ತೊಡಿ. ಎಂಜಿನ್ ಎಷ್ಟೇ ಹೊಸದಿದ್ದರೂ ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.