ಮೂರೆಲಿ ಲೆಕ್ಕ ಮನ್ಯಾಗ ಆಗ್ಲಿ

ಇಸ್ಪೀಟ ಎಲಿ ಮನ್ಯಾಗ ತಂದ್ರ ಲಕ್ಷ್ಮಿ ಹೊಸ್ತಲಾ ದಾಟಿ ಹೋಗ್ತಾಳ ಅಂತ ನಮ್ಮ ಅತ್ತಿಯವ್ರು ಅಂತಾರ. ನಾನೂ ಹಂಗ ನಂಬಿದ್ದೆ. ಆದ್ರ ಹ್ವಾದ ದೀಪಾವಳಿಗೆ ಎಲಿ ಕಟ್ಟು ನಾನ ತರಿಸಿದೆ. ಪಾಡ್ಯದ ರಾತ್ರಿ ಮಗ ಹೊರಗ ಮೂರೆಲಿ ಆಡಿ, ಭತ್ತ ಕೊಯ್ಯೋ ಮಷಿನ್ ಬಾಡಿಗಿಗೆ ಇಟ್ಟಿದ್ದ ಎಂಟು ಸಾವಿರ ಕಳಕೊಂಡು ಬಂದಿದ್ದ.

"ಯವ್ವಾ, ಎಲಿ ಚಲೋನ ಬಂದಿದ್ವು ಬೇ, ನಸೀಬ ಕೈ ಕೊಡ್ತು" ಅಂದ. ಚಲೋ ಎಲಿ ಅಂದ್ರ ಯಾವುವಪಾ ಅಂತ ಕೇಳಿದ್ರ, ಎರಡರ ಜೋಡಿ!

ನಾನು ಪಿಯುಸಿ ತನಕ ಓದಾಕಿ. ಆವಾಗ ಕಲ್ತ ಲೆಕ್ಕ ಇನ್ನೂ ನೆನಪೈತಿ. 52 ಎಲಿಯೊಳಗ ಮೂರು ಎಲಿ 22,100 ನಮೂನಿ ಬರಬಹುದು. ಅದರಾಗ ಮೂರೂ ಎಕ್ಕಾ, ಮೂರೂ ರಾಜಾ ಇಂಥಾವು ಬರೇ 52. ಜೋಡಿ 3,744. ಜೋಡಿ ಇಲ್ಲ, ಕಲರ್ ಇಲ್ಲ, ಸಾಲೂ ಇಲ್ಲ ಅನ್ನೋವು 16,440! ಅಂದ್ರ ನಾಲ್ಕು ಸಲಕ್ಕ ಮೂರು ಸಲ ಕೈಯಾಗ ಏನೂ ಇರಂಗಿಲ್ಲ.

ಎರಡರ ಜೋಡಿ ಇದ್ರ ಒಬ್ಬನ ಮುಂದ ನಾಲ್ಕಕ್ಕ ಮೂರು ಸಲ ಗೆಲ್ಲಬಹುದು. ನಾಲ್ಕು ಮಂದಿ ಎದುರಿಗೆ ಕುಂತ್ರ ಹತ್ತಕ್ಕ ಮೂರ ಸಲ. ಅದೂ ಎಲ್ಲಾರೂ ಕಡೀತನಕ ಕುಂತ್ರ ಮಾತ್ರ. ಚಾಲ್ ಏರಿಸ್ತಾ ಹೋದಂಗ ಹಗುರ ಎಲಿ ಇದ್ದಾವ್ರು ಎದ್ದು ಹೋಗ್ತಾರ, ಗಟ್ಟಿ ಎಲಿ ಇದ್ದಾವ್ರು ಉಳೀತಾರ. ಆವಾಗ ನಿನ್ನ ಜೋಡಿ ಬೆಲಿ ಇಳೀತೈತಿ, ನೀ ಹಾಕೋ ರೊಕ್ಕ ಏರ್ತೈತಿ.

ಬಾಯ್ಲೆ ಹೇಳಿದ್ರ ಕೇಳ್ತಾರೇನ್ರಿ? ಮನಿಯವ್ರು, ಮಗ, ಸೊಸಿ, ಮಗಳು, ಅತ್ತಿ, ಐದೂ ಮಂದಿನ ಕುಂದರಿಸಿ ತಲಿಗೆ ನಲವತ್ತು ಶೇಂಗಾ ಬೀಜ ಕೊಟ್ಟೆ. ಆಟಕ್ಕ ಎರಡು ಬೀಜ, ಚಾಲ್ ಇಲ್ಲ, ಗೆದ್ದಾವ್ರಿಗೆ ಹತ್ತು. ಆಟ ಆಡಸಾಕಿ ನಾನು, ಗೆದ್ದ ಹತ್ತರಾಗ ನನಗ ಒಂದು. ಇಪ್ಪತ್ತು ಆಟ ಮುಗಿದಾಗ ಅತ್ತಿಯವ್ರು ಎಲ್ಲಾರಕಿಂತ ಹೆಚ್ಚು ಗೆದ್ದಿದ್ರು, ಮಗ ಸೋತಿದ್ದ. ನನ್ನ ಬಟ್ಟಲದಾಗ ಮಾತ್ರ ಇಪ್ಪತ್ತು ಬೀಜ. ಒಂದ ಎಲೀನೂ ನಾ ಹಿಡಿದಿದ್ದಿಲ್ಲ! ಎರಡು ಬೀಜ ಹಾಕಿದಾವ್ರಿಗೆ ಸರಾಸರಿ ತಿರುಗಿ ಬರೋದು 1.8. ಎಷ್ಟು ಹೊತ್ತು ಕುಂತ್ರ ಅಷ್ಟು ಸೋರಿಕಿ. ಹೊರಗ ಜಾಗಾ ಕೊಟ್ಟು ಆಡಸೋರು ಮಾಡೋದೂ ಇದನ್ನ. ಮಗ ಬಟ್ಟಲಾ ನೋಡಿ ಸುಮ್ಮನಾದ.

2025ರಾಗ ಕೇಂದ್ರ ಸರ್ಕಾರ ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಆಟ ಬಂದ್ ಮಾಡೋ ಕಾಯ್ದೆ ತಂತು. ಚಲೋನ ಆತು. ಆದ್ರ ಕಟ್ಟೀ ಮ್ಯಾಲಿನ ಎಲಿ ಮೊಬೈಲ್ ಒಳಗ ಇರಂಗಿಲ್ಲಲ್ರಿ. ಎಲಿ ಮುಚ್ಚಿಟ್ಟು ಬೈಯೋದಕ್ಕಿಂತ, ಹುಡುಗ್ರು ಹತ್ತನೇತ್ತಿ ದಾಟೂದ್ರಾಗ ಈ ಲೆಕ್ಕ ನಾವ ಕಲಿಸಬೇಕು ಅನ್ನೋದು ನನ್ನ ಮಾತು. ಸಂತಿ ಲೆಕ್ಕ, ಹಾಲಿನ ಲೆಕ್ಕ ಮಾಡೋ ನಮಗ ಇದೇನು ದೊಡ್ಡದಲ್ಲ.

ಮಷಿನ್ ಬಾಡಿಗಿ ನನ್ನ ಭಿಶಿ ರೊಕ್ಕದಾಗ ಕೊಟ್ಟೀವಿ. ತಿಂಗಳಾ ಐನೂರರಂಗ ಮಗನ ಕಡಿಂದ ವಸೂಲಿ ನಡದೈತಿ. ಎಲಿ ಕಟ್ಟು ಶೇಂಗಾ ಡಬ್ಬಿ ಬಾಜೂಕ ಐತಿ. ಅತ್ತಿಯವ್ರು ಮಾತ್ರ ಮೊನ್ನೆ ಮತ್ತ ಕೇಳಿದ್ರು, "ಇನ್ನೊಂದು ಆಟ ಹಾಕೂನೇನ?"