ಹೊಸ್ತಿಲು ದಾಟಿ ಬಂದ ತಂದೆ



“ಅವನು ನನ್ನ ಪಾಲಿಗೆ ಸತ್ತ, ಅವನ ಹೆಸರಿಗೆ ಎಳ್ಳುನೀರು ಬಿಟ್ಟಾಯಿತು” ಎಂಬ ಮಾತನ್ನು ನಮ್ಮ ಗಡಿಸೀಮೆಯ ಹಳ್ಳಿಗಳಲ್ಲಿ ಕೇಳದವರು ವಿರಳ. ಪಾಲು ಕೇಳಿ ಮನೆ ಬಿಟ್ಟ ಮಗ, ಹಿರಿಯರ ಮಾತು ಮೀರಿ ಮದುವೆಯಾದ ಮಗಳು, ಸಾಲವನ್ನು ಅಣ್ಣನ ತಲೆಗೆ ಕಟ್ಟಿ ಬೆಂಗಳೂರಿನ ದಾರಿ ಹಿಡಿದ ತಮ್ಮ, ಇಂಥವರೊಬ್ಬರಿಲ್ಲದ ಮನೆತನ ಹಿಂದೂಪುರದ ಕಡೆಯಲ್ಲಾಗಲಿ ಕಲ್ಯಾಣದುರ್ಗದ ಕಡೆಯಲ್ಲಾಗಲಿ ಅಪರೂಪವೇ ಸರಿ. ಹೋದವರು ಹಿಂದಿರುಗಲು ಬಯಸಿದರೆ ಮನೆಯ ಯಜಮಾನನು ಏನು ಮಾಡಬೇಕು? ಕ್ರೈಸ್ತಧರ್ಮವು ಇದಕ್ಕೆ ಒಂದು ಕಥೆಯ ಮೂಲಕ ಉತ್ತರ ಕೊಡುತ್ತದೆ. ಆ ಮತಕ್ಕೆ ಸೇರದವರಿಗೂ ಅದು ಮನನಯೋಗ್ಯವೆಂದು ಭಾವಿಸಿ ಈ ತಿಂಗಳು ವಿಚಾರಕ್ಕೆ ಎತ್ತಿಕೊಂಡಿದ್ದೇನೆ.

ಈ ಕಥೆ ಕನ್ನಡಕ್ಕೆ ಬಂದುದು ನಮ್ಮ ನೆರೆಯಿಂದಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತರು. ಅವರೂ ಅವರ ಜೊತೆಗಾರರೂ ವರ್ಷಗಟ್ಟಲೆ ದುಡಿದುದರ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಸಿದ್ಧವಾಯಿತು. ಆಗ ನಮ್ಮ ಹಿಂದೂಪುರದ ಸೀಮೆಯೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅನಂತಪುರ ಜಿಲ್ಲೆ ಬೇರ್ಪಟ್ಟುದು 1882ರಲ್ಲಿ; 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗವು ಅನಂತಪುರದಲ್ಲೇ ಉಳಿಯಿತು. ಗೆರೆಗಳು ಬದಲಾದರೂ ಮನೆಯೊಳಗಿನ ಕಥೆ ಬದಲಾಗಲಿಲ್ಲ.

ಲೂಕನು ಬರೆದ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಈ ಪ್ರಸಂಗವಿದೆ. ಸುಂಕದವರೊಡನೆಯೂ ಪಾಪಿಗಳೊಡನೆಯೂ ಕುಳಿತು ಉಣ್ಣುತ್ತಾನೆಂದು ಯೇಸುವಿನ ಮೇಲೆ ಧರ್ಮಪಂಡಿತರು ಗೊಣಗುತ್ತಾರೆ. ಆತನು ವಾದಕ್ಕಿಳಿಯದೆ ಮೂರು ಸಾಮ್ಯಗಳನ್ನು ಹೇಳುತ್ತಾನೆ. ಮೊದಲನೆಯದರಲ್ಲಿ 100 ಕುರಿಗಳಲ್ಲಿ ಒಂದು ಕಳೆದುಹೋಗುತ್ತದೆ. ಎರಡನೆಯದರಲ್ಲಿ 10 ನಾಣ್ಯಗಳಲ್ಲಿ ಒಂದು. ಮೂರನೆಯದರಲ್ಲಿ ಇಬ್ಬರು ಮಕ್ಕಳಲ್ಲಿ ಒಬ್ಬ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಕುರಿ ಎಣಿಸುವ ಕಲ್ಯಾಣದುರ್ಗದ ಕುರಿಗಾಹಿಗೆ ಒಂದು ಕಡಿಮೆಯಾದರೆ ಆಗುವ ಸಂಕಟವನ್ನು ಯಾರೂ ವಿವರಿಸಬೇಕಾಗಿಲ್ಲ.

ಕಿರಿಯ ಮಗನು ತಂದೆ ಬದುಕಿರುವಾಗಲೇ ಪಾಲು ಕೇಳುತ್ತಾನೆ. ಯೆಹೂದ್ಯರ ಧರ್ಮಶಾಸ್ತ್ರದಂತೆ ಹಿರಿಯನಿಗೆ ಎರಡು ಪಾಲು, ಆದ್ದರಿಂದ ಕಿರಿಯನಿಗೆ ಬರುವುದು ಮೂರರಲ್ಲೊಂದು. ಅದನ್ನೊಯ್ದು ದೂರದೇಶದಲ್ಲಿ ದುಂದು ಮಾಡುತ್ತಾನೆ. ಅಲ್ಲಿ ಕ್ಷಾಮ ಬರುತ್ತದೆ. ಹಂದಿಯನ್ನು ಮುಟ್ಟದ ಕುಲದ ಹುಡುಗ ಹಂದಿ ಮೇಯಿಸುವ ಕೂಲಿಗಿಳಿದು, ಅವು ತಿನ್ನುವ ಕಾಯಿಗಳಿಗೂ ಆಸೆಪಡುತ್ತಾನೆ. ಆಗ ಮನೆಯ ನೆನಪಾಗುತ್ತದೆ. ತಪ್ಪೊಪ್ಪಿಕೊಂಡು, ತನ್ನನ್ನು ಕೂಲಿಯವನಂತಾದರೂ ಇಟ್ಟುಕೊಳ್ಳಬೇಕೆಂದು ಬೇಡುವ ಮಾತನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಹೊರಡುತ್ತಾನೆ.

ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಾಣುತ್ತಾನೆಂಬುದನ್ನು ಗಮನಿಸಬೇಕು. ಪ್ರತಿದಿನ ದಾರಿ ನೋಡಿದ ಕಣ್ಣಿಗಲ್ಲದೆ ದೂರದ ಗುರುತು ಹತ್ತುವುದಿಲ್ಲ. ಊರ ಮುಂದೆ ಓಡುವುದು ಹಿರಿಯ ಗೃಹಸ್ಥನ ಘನತೆಗೆ ಒಪ್ಪುವಂಥದಲ್ಲ. ಆದರೂ ಆ ಮುದುಕ ಓಡುತ್ತಾನೆ. ಮಗನು ಕಟ್ಟಿತಂದ ಮಾತಿನಲ್ಲಿ ಕೂಲಿಯ ಭಾಗ ಬರುವ ಮೊದಲೇ ಉಡುಪು, ಉಂಗುರ, ಕೆರಗಳು ಬರುತ್ತವೆ. ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಬಹುದಿನ ಬಾರದ ಹುಡುಗನ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವ ಪದ್ಧತಿ ಹಿಂದೆ ಇತ್ತು. ಮರಳಿ ಬಂದವನು ಹೊಸದಾಗಿ ಸೇರಬೇಕಾಗುತ್ತಿತ್ತು. ಈ ತಂದೆಯ ಪುಸ್ತಕದಲ್ಲಿ ಹೆಸರು ಹೊಡೆದಿರಲೇ ಇಲ್ಲ.

ಹಾಗಾದರೆ ನ್ಯಾಯವೆಲ್ಲಿ ಎಂದು ಕೇಳುವವರುಂಟು. ಹಿರಿಯ ಮಗನೂ ಅದನ್ನೇ ಕೇಳುತ್ತಾನೆ. ಹೊಲದಿಂದ ಬಂದವನು ವಾದ್ಯದ ಸದ್ದು ಕೇಳಿ, ಸಿಟ್ಟಿನಿಂದ ಹೊರಗೇ ನಿಲ್ಲುತ್ತಾನೆ. ತಂದೆ ಅವನಿಗಾಗಿಯೂ ಹೊರಗೆ ಬರುತ್ತಾನೆ. ಉಳಿದುದೆಲ್ಲ ಅವನದೇ ಎಂದು ಸಮಾಧಾನ ಹೇಳುತ್ತಾನೆ. ಎಂದರೆ ಕಿರಿಯನು ಕಳೆದ ಆಸ್ತಿ ಮರಳಿ ಬರಲಿಲ್ಲ, ಹಿರಿಯನ ಪಾಲೂ ಕರಗಲಿಲ್ಲ. ನಷ್ಟವನ್ನೂ ಅವಮಾನವನ್ನೂ ತಂದೆಯೇ ಹೊತ್ತನು. ಕ್ಷಮೆಯೆಂದರೆ ತಪ್ಪನ್ನು ತಪ್ಪಲ್ಲವೆನ್ನುವುದಲ್ಲ. ಅದರ ಬೆಲೆಯನ್ನು ಕ್ಷಮಿಸುವವನು ತಾನೇ ತೆರುವುದು. ಕ್ರೈಸ್ತರು ಶಿಲುಬೆಯಲ್ಲಿ ಕಾಣುವುದೂ ಇದನ್ನೇ.

ಯೇಸುವು ದೇವರನ್ನು ‘ಅಬ್ಬಾ’ ಎಂದು ಕರೆದನು. ಅದು ಆತನ ಮನೆಮಾತಾದ ಅರಮಾಯಿಕ್ ಭಾಷೆಯಲ್ಲಿ ಮಕ್ಕಳು ತಂದೆಯನ್ನು ಕರೆಯುವ ಪದ. ನಮ್ಮ ಕಿವಿಗೆ ‘ಅಪ್ಪಾ’ ಎಂದೇ ಕೇಳಿಸುತ್ತದೆ. ಕೂಡಲಸಂಗಮನನ್ನು ತಂದೆತಾಯಿಯೆಂದು ಕರೆದ ಬಸವಣ್ಣನವರ ನಾಡಿನವರಿಗೆ ಈ ಭಾವ ಪರಕೀಯವಲ್ಲ.

ಕ್ಷಮೆ ಪಡೆದವನು ಕ್ಷಮಿಸಬೇಕೆಂಬುದು ಇದರ ಮುಂದಿನ ಪಾಠ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಅರಸನು ಸೇವಕನೊಬ್ಬನಿಗೆ 10,000 ತಲಾಂತು ಸಾಲ ಬಿಡುತ್ತಾನೆ. ಅದೇ ಸೇವಕ ತನಗೆ 100 ಹಣ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಮಕ್ಕಳಿಂದ ಇದರ ಲೆಕ್ಕ ಮಾಡಿಸಿ ನೋಡಿ. ಒಂದು ಹಣ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ಹಣ. ಬಿಟ್ಟ ಸಾಲ ಆರು ಕೋಟಿ ದಿನಗಳ ಕೂಲಿ. ಬಿಡಲಾರದ್ದು ನೂರು ದಿನಗಳದು. ನಮ್ಮ ಮನೆಗಳಲ್ಲಿ ಎರಡು ಗುಂಟೆ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಡುವುದು ಎಷ್ಟು ದಿನಗಳ ಕೂಲಿಗೆ ಸಮನೆಂದು ಅವರವರೇ ಎಣಿಸಿಕೊಳ್ಳಬಹುದು.

ನಮ್ಮ ಜಿಲ್ಲೆಯ ಜನರು ‘ಫಾದರ್’ ಎಂದು ಕರೆದ ವಿಸೆಂಟ್ ಫೆರರ್ ಅವರನ್ನೂ ಇಲ್ಲಿ ನೆನೆಯಬಹುದು. 1968ರಲ್ಲಿ ಈ ದೇಶದಿಂದ ಹೊರಹಾಕಲ್ಪಟ್ಟವರು 1969ರಲ್ಲಿ ಮರಳಿ, ಬರದ ಸೀಮೆಯಾದ ಅನಂತಪುರವನ್ನೇ ಆರಿಸಿಕೊಂಡು, 2009ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿನ ಬಡವರಿಗಾಗಿ ದುಡಿದರು. ಅವರು ಕಟ್ಟಿದ ಸಂಸ್ಥೆಯ ಆಸ್ಪತ್ರೆ ಕಲ್ಯಾಣದುರ್ಗದಲ್ಲೂ ಎದ್ದಿತು. ಬಾಗಿಲು ಮುಚ್ಚಿದ ಮನೆಗೇ ಮರಳಿ ಬಂದು ಸೇವೆಗೆ ನಿಲ್ಲುವುದೂ ಈ ಪ್ರೀತಿಯ ಒಂದು ಮುಖವೇ.

ಹಿರಿಯ ಮಗ ಕೊನೆಗೆ ಒಳಗೆ ಬಂದನೇ? ಕಥೆ ಹೇಳುವುದಿಲ್ಲ. ತಂದೆ ಹೊರಗೆ ನಿಂತು ಕರೆಯುತ್ತಿರುವಾಗಲೇ ಅದು ಮುಗಿಯುತ್ತದೆ. ಮುಂದಿನದನ್ನು ಕೇಳುಗರು ತಮ್ಮ ತಮ್ಮ ಮನೆಗಳಲ್ಲಿ ಪೂರೈಸಬೇಕು. ಬರುವ ಹಬ್ಬ ಯುಗಾದಿಯಿರಲಿ, ಕ್ರಿಸ್ಮಸ್ ಇರಲಿ, ದೂರವಾದವರಿಗೆ ಮನೆಯ ಹಿರಿಯರಿಂದಲೇ ಮೊದಲ ಕರೆ ಹೋಗಲಿ; ಊಟಕ್ಕೆ ಒಂದು ಎಲೆ ಹೆಚ್ಚಿಗೆ ಹಾಕಿರಲಿ.