ಹಳೆಯ ನೆಲಕ್ಕೆ ಹೊಸ ಹಲಗೆ



ನೀಲಗಿರಿಯ ಹಳೆಯ ಬಂಗಲೆಗಳಲ್ಲಿ ಇರುವ ಹಾಗೆ ನಮ್ಮ ಗುರುನಿವಾಸದ ಹಜಾರದ ನೆಲವೂ ತೇಗದ ಹಲಗೆಯದು. ಪಕ್ಕದ ಕೋಣೆಯದು ಸಿಮೆಂಟು, ಎರಡು ಅಂಗುಲ ತಗ್ಗು. ಭಾನುವಾರದ ಧರ್ಮೋಪದೇಶಕ್ಕೆ ಸ್ಥಳ ಸಾಲದೆ ಬಾಗಿಲನ್ನು ಅಗಲ ಮಾಡಿಸಿ, ಹಲಗೆಯನ್ನು ಅಲ್ಲಿಗೂ ಮುಂದುವರಿಸಿದೆವು. ಒಂದು ಸಲವಲ್ಲ, ಎರಡು ಸಲ.

ಮೊದಲ ಸಲ ಹಲಗೆ ಬಂದದ್ದು ಜುಲೈ ಮಳೆಯಲ್ಲಿ. "ಹದಿನೈದು ದಿನ ಕೋಣೆಯಲ್ಲೇ ಮಲಗಿರಲಿ ಫಾದರ್" ಎಂದರು ಬಡಗಿ. ಧರ್ಮಕೇಂದ್ರದ ಹಬ್ಬ ಹತ್ತಿರವಿತ್ತು, ನಾವು ಕೇಳಲಿಲ್ಲ. ಹಳತು ಹೊಸತು ಸೇರುವಲ್ಲಿ ನೇರ ಗೆರೆ, ಅದರ ಮೇಲೊಂದು ಪಟ್ಟಿ. ಕೆಲಸ ಬೇಗ ಮುಗಿಯಿತು, ಖರ್ಚೂ ಉಳಿಯಿತು. ಜನವರಿಯ ಒಣಹವೆಗೆ ಹಲಗೆ ಕುಗ್ಗಿ, ನಾಣ್ಯ ತೂರುವಷ್ಟು ಸಂದು ಬಿಟ್ಟಿತು. ಪಟ್ಟಿಯ ಮೊಳೆ ಮೇಲೆದ್ದಿತು. ಜಪಸರಕ್ಕೆ ಬಂದ ಅಜ್ಜಿಯೊಬ್ಬರು ಅದಕ್ಕೆ ಎಡವಿ ಮಣಿಕಟ್ಟು ಮುರಿದುಕೊಂಡರು. ನೋಡಲು ಹೋದಾಗ ಅವರೇ ನಮ್ಮನ್ನು ಸಮಾಧಾನಪಡಿಸಿದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಮರ ಕಡಿದ ಮೇಲೂ ತೇವ ಕುಡಿಯುತ್ತದೆ, ಬಿಡುತ್ತದೆ. ಉದ್ದದಲ್ಲಿ ಅದು ಹೆಚ್ಚು ಕಡಿಮೆಯಾಗುವುದು ಅತ್ಯಲ್ಪ, ಅಡ್ಡಗಲದಲ್ಲಿ ಮಾತ್ರ ಹಿಗ್ಗಿ ಕುಗ್ಗುತ್ತದೆ. ಬೇರೆ ಮರಗಳಿಗಿಂತ ತೇಗದಲ್ಲಿ ಇದು ಕಡಿಮೆಯೇ, ಆದರೂ ಇಲ್ಲದಿಲ್ಲ.

ಎರಡನೆಯ ಸಲ ಬಡಗಿಯ ಮಾತೇ ನಡೆಯಿತು. ಹಲಗೆಗಳ ನಡುವೆ ಗಾಳಿಯಾಡಲು ಕಡ್ಡಿಯಿಟ್ಟು ಅದೇ ಕೋಣೆಯಲ್ಲಿ ಜೋಡಿಸಿಟ್ಟೆವು. ಸಿಮೆಂಟಿನ ತೇವ ಏರದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಅಡ್ಡಪಟ್ಟಿಗಳನ್ನು ಕೂರಿಸಿ ಹಳೆಯ ನೆಲದ ಮಟ್ಟಕ್ಕೆ ತಂದರು. ಬಾಗಿಲ ಬಳಿ ಹಳೆಯ ಹಲಗೆಗಳನ್ನು ಒಂದು ಬಿಟ್ಟು ಒಂದು, ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ತೆಗೆದರು. ಆ ಖಾಲಿಗಳೊಳಗೆ ಹೊಸ ಹಲಗೆ ಹೋಗಿ ಕೂತಿತು, ಎರಡು ಕೈಗಳ ಬೆರಳು ಹೆಣೆದ ಹಾಗೆ. ಒಳ್ಳೆಯ ಹಳೆಯ ಹಲಗೆಗೆ ಗರಗಸ ಹಾಕುವಾಗ ನಮ್ಮ ಎದೆ ಹೊಡೆದುಕೊಂಡದ್ದು ನಿಜ. ಆದರೆ ಅಲ್ಲಿ ಈಗ ಗೆರೆಯೂ ಇಲ್ಲ, ಪಟ್ಟಿಯೂ ಇಲ್ಲ, ಎಡವಲು ಏನೂ ಇಲ್ಲ. ಗೋಡೆಯ ಬುಡದಲ್ಲಿ ಸುತ್ತಲೂ ಅರ್ಧ ಅಂಗುಲ ಜಾಗ ಬಿಟ್ಟಿದ್ದಾರೆ, ಮಳೆಗಾಲದಲ್ಲಿ ಮರ ಹಿಗ್ಗಬೇಕಲ್ಲ! ಕೊನೆಗೆ ಎರಡೂ ಕೋಣೆಗಳನ್ನು ಒಟ್ಟಿಗೆ ಉಜ್ಜಿ ಪಾಲಿಶ್ ಮಾಡಿದರು. ಹೊಸದನ್ನು ಮಾತ್ರ ಉಜ್ಜಿದರೆ ಹೊಳಪು ಬೇರೆಯಾಗಿ ಕಾಣುತ್ತದೆಯಂತೆ.

ಮರದ ನೆಲವಿರುವ ಹಳೆಯ ಮನೆಯವರು ಒಂದನ್ನು ಗಮನಿಸಿ. ಹೊರಗೋಡೆಯ ಬುಡದಲ್ಲಿ ಸಣ್ಣ ಜಾಲರಿ ಕಿಂಡಿಗಳಿರುತ್ತವೆ. ಇಲಿ ಬರುತ್ತದೆ, ಚಳಿ ಬರುತ್ತದೆ ಎಂದು ಅವುಗಳಿಗೆ ಸಿಮೆಂಟು ಮೆತ್ತುವವರಿದ್ದಾರೆ. ನೆಲದಡಿ ಗಾಳಿಯಾಡದಿದ್ದರೆ ತೊಲೆಗಳು ಮೆತ್ತಗಾಗಿ ಕೊಳೆಯುತ್ತವೆ, ಮೇಲಿನ ಹಲಗೆ ಎಷ್ಟು ಒಳ್ಳೆಯದಿದ್ದರೂ ಉಪಯೋಗವಿಲ್ಲ. ಇಲಿಗೆ ಸಣ್ಣ ಕಣ್ಣಿನ ತಂತಿಬಲೆ ಸಾಕು.

ಹೊಸ ಹಲಗೆ ಇನ್ನೂ ಬಿಳಿಚಿಕೊಂಡಿದೆ, ಅಲ್ಲಲ್ಲಿ ಬಣ್ಣ ಒಂದೇ ಸಮನಿಲ್ಲ. ಬೆಳಕು ಬಿದ್ದ ಹಾಗೆ ತೇಗದ ಬಣ್ಣ ತಾನೇ ಕೂಡಿಕೊಳ್ಳುತ್ತದೆ. ಅದಕ್ಕೇ ಸದ್ಯಕ್ಕೆ ಆ ಕೋಣೆಗೆ ಜಮಖಾನೆ ಹಾಕಿಲ್ಲ, ಚಳಿಗೆ ಮಕ್ಕಳು ಕಾಲುಚೀಲ ಹಾಕಿಕೊಂಡು ಬರಲಿ.